ಬೀಗದಲ್ಲೇ ಇದ್ದ ಕೀಲಿಕೈ

ಆ ಸರ್ಕಲ್‌ಗೆ ನಾನು ಇನ್‌ಸ್ಪೆಕ್ಟರ್ ಆಗಿ ಬಂದಾಗ ನನ್ನ ಸ್ಥಿತಿ ಚೆನ್ನಾಗಿರಲಿಲ್ಲ. ಮೇಲೊಂದು ಇಲಾಖಾ ವಿಚಾರಣೆ ಇತ್ತು. ಹೆಂಡತಿ ಮಗಳನ್ನು ಕರ್ಕೊಂಡು ತವರಿಗೆ ಹೋಗಿದ್ದಳು. ಕುಡಿಯದಿದ್ದರೆ ನಿದ್ದೆ ಇಲ್ಲ, ಕುಡಿದರೆ ಮೂರು ಗಂಟೆಗೇ ಎಚ್ಚರ. ಊರಿನ ಹೆಸರು ಬೇಡ, ಜಗಳೂರು ಸೀಮೆ ಅಂದರೆ ಸಾಕು.

ಹೊತ್ತು ಕಳೆಯೋದಕ್ಕೆ ಹಳೇ ಕೇಸುಗಳನ್ನು ಓದೋಕೆ ಶುರು ಮಾಡಿದೆ. ಶೇಂಗಾ ಗೋದಾಮಿನ ಕಾವಲುಗಾರನ ಕೊಲೆ, ಐಪಿಸಿ 302, 'ಸಿ' ರಿಪೋರ್ಟ್. ಅಂದರೆ ಪತ್ತೆಯಾಗಲಿಲ್ಲ ಅಂತ ಮುಚ್ಚಿದ ಕೇಸು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯ್ತು, ಕೇಸು ಅದಕ್ಕೂ ಮುಂಚಿನದು. ಹಾಗಾಗಿ ಅರ್ಧ ಕಾಗದ ಇಲ್ಲಿ, ಅರ್ಧ ದುರ್ಗದಲ್ಲಿ. ಒಂದೆಡೆ ಸೇರಿಸಲು ನಾಲ್ಕು ಸಲ ಓಡಾಡಿದೆ.

ಕಡತವನ್ನು ಒಂದೇ ಉಸಿರಿಗೆ ಓದಿದರೆ ಏನೂ ಸಿಗಲ್ಲ. ಸ್ಥಳ ಮಹಜರು, ಶವ ಪಂಚನಾಮೆ, ಮುದ್ದೆಮಾಲು (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುಗಳ) ಪಟ್ಟಿ, ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತೆ. ಮಹಜರಿನಲ್ಲಿ 'ಬೀಗ ಒಡೆದು ಒಳನುಗ್ಗಿದ್ದಾರೆ' ಅಂತಿದೆ. ಪಂಚನಾಮೆಯಲ್ಲಿ ಸತ್ತವನ ಉಡಿದಾರಕ್ಕೆ ಕಟ್ಟಿದ ಒಂದು ಕೀಲಿಕೈ. ಮುದ್ದೆಮಾಲು ಪಟ್ಟಿಯ ಏಳನೇ ಸಾಲು: 'ಹಿತ್ತಾಳೆ ಬೀಗ ಒಂದು, ಕೀಲಿಕೈ ಸಹಿತ.'

ಒಡೆದ ಬೀಗಕ್ಕೆ ಕೀಲಿಕೈ ಯಾಕೆ? ಅವನದ್ದು ಸೊಂಟದಲ್ಲೇ ಇದೆಯಲ್ಲ?

ಮುದ್ದೆಮಾಲು ಅಷ್ಟೊತ್ತಿಗೆ ವಿಲೇವಾರಿ ಆಗಿರಬೇಕಿತ್ತು. ಯಾರೂ ಕೇಳದೆ ಕೋರ್ಟಿನಲ್ಲೇ ಉಳಿದಿದ್ದು ನನ್ನ ಪುಣ್ಯ. ಅನುಮತಿ ಪಡೆದು ಚೀಲ ಬಿಚ್ಚಿದೆವು. ಹಸಿರು ಕಿಲುಬು ಹಿಡಿದ ಬೀಗ, ಕೊಂಡಿ ಸೊಟ್ಟ ಕೂಡ ಆಗಿಲ್ಲ. ಒಂದು ಹನಿ ಎಣ್ಣೆ ಬಿಟ್ಟು ಕೀಲಿಕೈ ತಿರುಗಿಸಿದೆ. ಟಕ್ ಅಂತ ತೆರೆಯಿತು. ಯಾರೋ ಬೀಗ ತೆಗೆದು ಒಳಗೆ ಹೋಗಿ, ಆಮೇಲೆ ಬಾಗಿಲ ಚಿಲಕ ಕಿತ್ತು ಕಳ್ಳತನದ ನಾಟಕ ಮಾಡಿದ್ದರು. ಗಾಬರಿಯಲ್ಲಿ ಕೀಲಿಕೈ ಮರೆತಿದ್ದರು.

ಇಲ್ಲಿ ನಾನು ಎಡವಿದೆ. ಇನ್ನೊಂದು ಕೀಲಿಕೈ ಮಾಲೀಕನದ್ದೇ ಅಂದುಕೊಂಡು ಆ ಮುದುಕನನ್ನು ಠಾಣೆಗೆ ಕರೆಸಿ ಕೂಗಾಡಿದೆ. ಕೊಲೆಯಾದ ವಾರ ಆತ ಆಸ್ಪತ್ರೆಯಲ್ಲಿದ್ದ, ಕಾಗದ ತೋರಿಸಿದ. ನನ್ನ ಮೇಲೆ ಇನ್ನೊಂದು ದೂರು ಹೋಯ್ತು. ಹೋಗಬೇಕಾದ್ದೇ.

ದಾರಿ ತೋರಿಸಿದ್ದು ಒಬ್ಬ ಹಮಾಲಿ. ಮಂಡಕ್ಕಿ ಮಿರ್ಚಿ ಅಂಗಡಿ ಬೆಂಚಿನ ಮೇಲೆ, ಸಂತೆ ದಿನ. ಗೋದಾಮಿನ ಗುಮಾಸ್ತ ರಾತ್ರಿ ಹೊತ್ತು ಇವನ ಕೈಲಿ ಲಾರಿಗೆ ಮೂಟೆ ಹಾಕಿಸುತ್ತಿದ್ದನಂತೆ. ಆ ರಾತ್ರಿ ಕಾವಲುಗಾರ ಅಡ್ಡ ನಿಂತ. "ಆವಾಗ ಯಾಕೆ ಹೇಳಲಿಲ್ಲ?" ಅಂದೆ. "ಆವಾಗ ನಮ್ಮನ್ನ ಯಾರು ಕೇಳಿದ್ರು ಸಾಹೇಬ್ರೆ?" ನಿಜ. ಕಡತದಲ್ಲಿ ಒಬ್ಬ ಹಮಾಲಿಯ ಹೇಳಿಕೆಯೂ ಇರಲಿಲ್ಲ.

ಕೊಲೆಗೆ ಕಾಲಮಿತಿ ಇಲ್ಲ. ಆಗಿನ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 173(8) ಅಡಿ ಹೆಚ್ಚಿನ ತನಿಖೆ ಅಂತ ನ್ಯಾಯಾಲಯಕ್ಕೆ ತಿಳಿಸಿದೆ. ಈಗಾದರೆ ಅದು ಅದರ ಬದಲು ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 193(9), 2024ರ ಜುಲೈ 1ರಿಂದ. ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ಸಾಕ್ಷ್ಯ ಆಗಲ್ಲ, ಅದಕ್ಕೇ ಹಮಾಲಿಯ ಮಾತನ್ನು ಮ್ಯಾಜಿಸ್ಟ್ರೇಟ್ ಮುಂದೆ ಸಿಆರ್‌ಪಿಸಿ 164ರಲ್ಲಿ ಬರೆಸಿದೆ. ಆಮೇಲೆ ಗುಮಾಸ್ತನನ್ನು ಹುಡುಕಿಕೊಂಡು ಚಳ್ಳಕೆರೆಗೆ ಹೋದೆ. ಆರು ವರ್ಷದ ಹಿಂದೆಯೇ ಸತ್ತಿದ್ದ. ಮರಣ ಪ್ರಮಾಣಪತ್ರ ಲಗತ್ತಿಸಿ ವರದಿ ಬರೆದೆ. ಸತ್ತವನ ಮೇಲೆ ಕೇಸು ನಡೆಯಲ್ಲ.

ಕಾವಲುಗಾರನ ಹೆಂಡತಿಗೆ ಹೇಳೋಕೆ ಯೂನಿಫಾರ್ಮ್ ಹಾಕದೆ ಹೋದೆ. ಆಕೆ ಹಾಸುಗಲ್ಲಿನ ಮೇಲೆ ಕೂತು ಪೂರ್ತಿ ಕೇಳಿದಳು. ಅಳಲಿಲ್ಲ. "ಅವ್ರ ಕಂಬಳಿ ನಿಮ್ಮ ಹತ್ರ ಐತಾ?" ಅಂದಳು. ಮುದ್ದೆಮಾಲು ಪಟ್ಟಿಯ ಮೂರನೇ ಸಾಲು ಅದು. ಕೋರ್ಟಿಗೆ ಕೊಡೋ ಅರ್ಜಿಯನ್ನು ಅಲ್ಲೇ ಕೂತು ಬರೆದು, ಹೆಬ್ಬೆಟ್ಟು ಹಾಕಿಸಿಕೊಂಡು ಬಂದೆ.