ಗಿಟಾರಿನ ಬಗ್ಗೆ ಒಂದೂ ಪ್ರಶ್ನೆ ಕೇಳದ ಗಿರಾಕಿ

ಹನ್ನೊಂದು ವರ್ಷ ನುಡಿಸಿದ ಅಕೌಸ್ಟಿಕ್ ಗಿಟಾರನ್ನು ಆನ್‌ಲೈನ್‌ನಲ್ಲಿ ಮಾರಲು ಜಾಹೀರಾತು ಹಾಕಿ ಆರು ನಿಮಿಷ ಆಗಿರಲಿಲ್ಲ, ಮೊದಲ ಮೆಸೇಜ್ ಬಂತು. 'ಇನ್ನೂ ಇದೆಯಾ?' ಇದೆ ಅಂದೆ. 'ನನಗೆ ಬೇಕು ಸರ್. ನೀವು ಹೇಳಿದ ರೇಟಿಗೆ ಓಕೆ. ಈಗಲೇ ದುಡ್ಡು ಹಾಕ್ತೀನಿ.' ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಖುಷಿ ಇಳಿದ ಮೇಲೆ ಅನುಮಾನ ಬಂತು. ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಳ್ಳುವವರು ಹೀಗೆ ಮಾತಾಡುವುದಿಲ್ಲ. ತಂತಿ ಎಷ್ಟು ಎತ್ತರ ಇದೆ, ನೆಕ್ (ಗಿಟಾರಿನ ಉದ್ದನೆಯ ಕತ್ತು) ಬಾಗಿದೆಯಾ, ಫ್ರೆಟ್ (ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು) ಎಷ್ಟು ಸವೆದಿವೆ, ಯಾಕೆ ಮಾರ್ತಿದ್ದೀರಿ ಅಂತ ತಲೆ ತಿನ್ನುತ್ತಾರೆ. ತಿನ್ನಲೇಬೇಕು. ಈ ಪುಣ್ಯಾತ್ಮ ಗಿಟಾರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಚೌಕಾಸಿ ಕೂಡ ಇಲ್ಲ!

ಮುಂದಿನ ಮೆಸೇಜಿನಲ್ಲಿ ಒಂದು ಕ್ಯೂಆರ್ ಕೋಡ್ ಬಂತು. 'ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಅಕೌಂಟಿಗೆ ಬಂದುಬಿಡುತ್ತೆ.' ದುಡ್ಡು ಪಡೆಯುವವನು ಪಿನ್ ಒತ್ತುವ ಮಾತೇ ಇಲ್ಲ. ಪಿನ್ ಒತ್ತುವುದು ದುಡ್ಡು ಕೊಡುವವನ ಕೆಲಸ. ನನಗೂ ಸ್ವಲ್ಪ ಕೀಟಲೆ ಬುದ್ಧಿ. 'ನಿಮಗೆ ಆರು ತಂತಿಯದು ಬೇಕಾ, ನಾಲ್ಕು ತಂತಿಯದಾ?' ಅಂತ ಕೇಳಿದೆ. 'ಯಾವುದಾದ್ರೂ ಪರವಾಗಿಲ್ಲ ಸರ್, ಬೇಗ ಸ್ಕ್ಯಾನ್ ಮಾಡಿ' ಅಂದ. ಬ್ಲಾಕ್ ಮಾಡಿದೆ.

ಅವತ್ತಿನಿಂದ ನಾನು ಇಟ್ಟುಕೊಂಡಿರುವ ಪರೀಕ್ಷೆ ಇದೊಂದೇ. ಬಂದವನು ವಾದ್ಯದ ಬಗ್ಗೆ ಕೇಳುತ್ತಾನಾ, ಬರೀ ದುಡ್ಡಿನ ಬಗ್ಗೆ ಕೇಳುತ್ತಾನಾ? ಇದುವರೆಗೆ ಎರಡು ಗಿಟಾರ್, ಒಂದು ಪಿಟೀಲು, ಒಂದು ಕೀಬೋರ್ಡ್ ಮಾರಿದ್ದೇನೆ. ಈ ಪರೀಕ್ಷೆ ಒಮ್ಮೆಯೂ ಕೈ ಕೊಟ್ಟಿಲ್ಲ. ಆದರೆ ಒಳ್ಳೆ ಪ್ರಶ್ನೆ ಕೇಳುವವರು ಬರಬೇಕು ಅಂದರೆ ಜಾಹೀರಾತಿನಲ್ಲಿ ಪ್ರಶ್ನೆ ಕೇಳುವಷ್ಟು ಸರಕು ಇರಬೇಕು, ಅಲ್ವಾ? ಅದಕ್ಕೆ ನಾನು ಮಾಡಿದ್ದನ್ನು ಮೊದಲಿಂದ ಹೇಳುತ್ತೇನೆ.

ಜಾಹೀರಾತು ಹಾಕುವ ಹಿಂದಿನ ದಿನ ಗಿಟಾರನ್ನು ಕಿಟಕಿ ಪಕ್ಕ ಮಲಗಿಸಿ, ಕೊಳ್ಳಲು ಬಂದವನ ಹಾಗೆ ನೋಡಿದೆ. ಹನ್ನೊಂದು ವರ್ಷದ ಒಡನಾಟ, ಕಣ್ಣು ಕುರುಡಾಗಿರುತ್ತದೆ. ಮೇಲಿನ ಹಲಗೆಯಲ್ಲಿ ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್‌ನಿಂದ ಕೆಳಗೆ ಒಂದು ಹಳೇ ಬಿರುಕು ಇತ್ತು, ಬೆರಳುದ್ದ. ಒಮ್ಮೆ ಬೇಸಿಗೆಯಲ್ಲಿ ಮರ ಒಣಗಿ ಬಿಟ್ಟುಕೊಂಡಿತ್ತು, ಆಮೇಲೆ ಅಂಟು ಹಾಕಿಸಿದ್ದೆ. (ಅಕೌಸ್ಟಿಕ್ ಗಿಟಾರಿಗೆ ಗಾಳಿಯ ತೇವ ಸುಮಾರು 45ರಿಂದ 55 ಪರ್ಸೆಂಟ್ ಇದ್ದರೆ ಸುಖ. ಇದು ನನಗೆ ಗೊತ್ತಾಗಿದ್ದು ಬಿರುಕು ಬಿಟ್ಟ ಮೇಲೆ.) ಎರಡನೇ ತಂತಿಯನ್ನು ಐದನೇ ಫ್ರೆಟ್‌ನಲ್ಲಿ ಒತ್ತಿದರೆ ಝುಂಯ್ ಅನ್ನುವ ಸಣ್ಣ ಅಪಸ್ವರ. ಹಿಂಭಾಗದಲ್ಲಿ ಬೆಲ್ಟಿನ ಬಕಲ್ ತಾಗಿದ ಗೀರುಗಳು.

ಇವಿಷ್ಟನ್ನೂ ಬರೆದೆ. ಬಿರುಕಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದೆ. ಅಪಸ್ವರ ಕೇಳುವ ಹಾಗೆ ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ಇಟ್ಟುಕೊಂಡೆ. ನನ್ನ ತಂಗಿ ನೋಡಿ 'ಹೀಗೆ ಬರೆದರೆ ಯಾರು ತಗೋತಾರೆ, ಹುಚ್ಚಾ ನಿನಗೆ?' ಅಂದಳು. ಒಳ್ಳೆಯತನ ತೋರಿಸಲು ಮಾಡಿದ್ದಲ್ಲ ಅದು. ಮಾರಿದ ಮೇಲೆ 'ನೀವು ಹೇಳಿರಲಿಲ್ಲ, ದುಡ್ಡು ವಾಪಸ್ ಕೊಡಿ' ಅನ್ನುವ ಜಗಳ ಬರಬಾರದು ಅಂತ ಮಾಡಿದ್ದು. ಬರೆದಿಟ್ಟ ದೋಷದ ಬಗ್ಗೆ ಯಾರೂ ಆಮೇಲೆ ತಕರಾರು ತೆಗೆಯಲು ಆಗುವುದಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆಯುವುದೂ ಬೇಡ. ನಾನು ಮಾರಿದ ಪಿಟೀಲಿನ ಹೊಟ್ಟೆಯೊಳಗೆ ಒಂದು ಚೀಟಿ ಅಂಟಿಸಿತ್ತು, ಅದರ ಮೇಲೆ ಸ್ಟ್ರಾಡಿವೇರಿಯಸ್ ಅಂತ ಹೆಸರು. ಮನೆಯವರೆಲ್ಲ ಒಂದು ರಾತ್ರಿ ಕೋಟ್ಯಧಿಪತಿಗಳಾಗಿದ್ದೆವು. ಇಟಲಿಯ ಕ್ರೆಮೋನಾದಲ್ಲಿದ್ದ ಆ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿ ತೀರಿಕೊಂಡಿದ್ದು 1737ರಲ್ಲಿ. ಆಮೇಲೆ ಅವನ ಮಾದರಿ ನೋಡಿ ಪಿಟೀಲು ಮಾಡಿದ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟಕ್ಕೆ ಅದೇ ಹೆಸರಿನ ಚೀಟಿ ಅಂಟಿಸಿವೆ. ಹಾಗಾಗಿ 'ಕಾರ್ಖಾನೆಯಲ್ಲಿ ಮಾಡಿದ ಹಳೇ ಪಿಟೀಲು, ಒಳಗಿನ ಚೀಟಿ ಮಾದರಿಯ ಹೆಸರು ಮಾತ್ರ' ಅಂತಲೇ ಬರೆದೆ.

ಫೋಟೋ ವಿಷಯಕ್ಕೆ ಬರೋಣ. ಎಲ್ಲರೂ ಸೋಮಾರಿತನ ಮಾಡುವುದು ಇಲ್ಲೇ. ಒಂದು ಫೋಟೋದಲ್ಲಿ ಗಿಟಾರಿನ ಪಕ್ಕ ನನ್ನ ಕೈಬರಹದ ಚೀಟಿ ಇಟ್ಟೆ, ಅವತ್ತಿನ ತಾರೀಕು ಮತ್ತು ಆ ಸೈಟಿನಲ್ಲಿ ನಾನು ಇಟ್ಟುಕೊಂಡ ಹೆಸರು ಬರೆದು. ಗಿಟಾರ್ ನಿಜವಾಗಿ ನನ್ನ ಹತ್ತಿರ ಇದೆ ಅಂತ ಕೊಳ್ಳುವವರಿಗೆ ಧೈರ್ಯ ಬರುತ್ತದೆ, ಫೋಟೋ ಕದಿಯುವವರಿಗೂ ಸ್ವಲ್ಪ ಕಿರಿಕಿರಿ. ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿಯ ಮೇಲೆ ಬೆರಳು ಇಟ್ಟು ತೆಗೆದೆ. ಪೂರ್ತಿ ನಂಬರ್ ಊರಿಗೆಲ್ಲ ಕಂಡರೆ, ಅದೇ ನಂಬರ್ ಹಿಡಿದು 'ಇದು ನನ್ನಿಂದ ಕಳುವಾದ ಗಿಟಾರ್' ಅಂತ ಯಾರಾದರೂ ಗಲಾಟೆ ಎಬ್ಬಿಸಬಹುದು. ಬರುವವರಿಗೆ ಎದುರಲ್ಲೇ ಪೂರ್ತಿ ತೋರಿಸಿದರಾಯಿತು. ಇನ್ನೊಂದು, ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ಎಲ್ಲಿ ತೆಗೆದಿದ್ದು ಅನ್ನುವ ಜಿಪಿಎಸ್ ಮಾಹಿತಿ ಅಡಗಿ ಕೂತಿರುತ್ತದೆ. ಕೆಲವು ಸೈಟುಗಳು ಅದನ್ನು ತಾವೇ ಅಳಿಸುತ್ತವೆ, ಕೆಲವು ಇಲ್ಲ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಯೇ ತೆಗೆದೆ. ಹಿನ್ನೆಲೆಗೆ ಖಾಲಿ ಗೋಡೆ. ಮನೆಯಲ್ಲಿ ಇನ್ನೇನೇನು ಇದೆ ಅಂತ ಜಗತ್ತಿಗೆ ಯಾಕೆ ತೋರಿಸಬೇಕು?

ಬೆಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟ ಆಗಿ ಹೋದ ಬೆಲೆ ನೋಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು.

ಆಮೇಲೆ ಹತ್ತು ದಿನ ಬಗೆಬಗೆಯ ಜನ ಬಂದರು. ಒಬ್ಬರು 'ನೀವು ಅಸಲಿ ಮನುಷ್ಯ ಹೌದೋ ಅಲ್ಲವೋ ನೋಡಬೇಕು, ನಿಮ್ಮ ಮೊಬೈಲಿಗೆ ಆರಂಕಿಯ ಕೋಡ್ ಬಂದಿದೆ, ಹೇಳಿ' ಅಂದರು. ಆ ಕೋಡ್ ಹೇಳಿದರೆ ನನ್ನ ನಂಬರಿನಲ್ಲಿ ಅವರು ಒಂದು ಖಾತೆ ತೆರೆಯಬಹುದು, ಇಲ್ಲವೇ ನನ್ನದೇ ಖಾತೆಗೆ ನುಗ್ಗಬಹುದು. ಇನ್ನೊಬ್ಬರು ವಿದೇಶದಲ್ಲಿದ್ದಾರಂತೆ, ಮಗನಿಗೆ ಹುಟ್ಟುಹಬ್ಬದ ಉಡುಗೊರೆಯಂತೆ. ನಾನು ಕೇಳಿದ್ದಕ್ಕಿಂತ ಜಾಸ್ತಿ ಮೊತ್ತದ ಚೆಕ್ ಕಳಿಸುತ್ತಾರಂತೆ, ಹೆಚ್ಚಿನ ದುಡ್ಡನ್ನು ಗಿಟಾರ್ ಒಯ್ಯಲು ಬರುವವನಿಗೆ ನಾನೇ ಕೊಡಬೇಕಂತೆ. ಇದು ಹಳೇ ಆಟ. ಚೆಕ್ ಹಾಕಿದ ಒಂದೆರಡು ದಿನದಲ್ಲಿ ಖಾತೆಯಲ್ಲಿ ದುಡ್ಡು ಕಾಣಬಹುದು. ಆದರೆ ಚೆಕ್ ಖೋಟಾ ಅಂತ ಬ್ಯಾಂಕಿಗೆ ಗೊತ್ತಾಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಆಗ ಅಷ್ಟೂ ದುಡ್ಡನ್ನು ಬ್ಯಾಂಕ್ ನಮ್ಮ ಖಾತೆಯಿಂದಲೇ ಕಿತ್ತುಕೊಳ್ಳುತ್ತದೆ. ಅಷ್ಟರಲ್ಲಿ ಗಿಟಾರೂ ಹೋಗಿರುತ್ತದೆ, ಕೈಯಿಂದ ಕೊಟ್ಟ ದುಡ್ಡೂ ಹೋಗಿರುತ್ತದೆ. ಮೂರನೆಯವರು ದುಡ್ಡು ಹಾಕಿದೆ ಅಂದರು, ಹಿಂದೆಯೇ ದುಡ್ಡು ರವಾನಿಸುವ ಕಂಪನಿಯ ಹೆಸರಿನಲ್ಲಿ ಒಂದು ಇಮೇಲ್ ಬಂತು. ದುಡ್ಡು ಬಂದಿದೆ, ಆದರೆ ತಡೆಹಿಡಿದಿದ್ದೇವೆ, ಪಾರ್ಸೆಲ್ ಕಳಿಸಿದ ನಂಬರ್ ಕೊಟ್ಟ ತಕ್ಷಣ ಬಿಡುತ್ತೇವೆ ಅಂತ ಬರೆದಿತ್ತು. ಲೋಗೋ ಎಲ್ಲ ಚಂದ ಇತ್ತು. ಇಂಥ ಮೇಲ್ ಬಂದಾಗ ಅದರೊಳಗಿನ ಲಿಂಕ್ ಒತ್ತದೆ, ನಾನೇ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುತ್ತೇನೆ. ನೋಡಿದೆ. ಏನೂ ಬಂದಿರಲಿಲ್ಲ.

ಹನ್ನೊಂದನೇ ದಿನ ಬಂದ ಮೆಸೇಜ್ ಬೇರೆ ಥರ ಇತ್ತು. 'ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಎಷ್ಟು ಮಿಲಿಮೀಟರ್ ಮೇಲಿದೆ? ಬಿರುಕಿಗೆ ಒಳಗಿಂದ ಪಟ್ಟಿ ಹಾಕಿಸಿದ್ದೀರಾ, ಬರೀ ಅಂಟಾ?' ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಳೆದು ನೋಡಿ, ದಪ್ಪ ತಂತಿ ಎರಡೂವರೆ ಮಿಲಿಮೀಟರ್ ಅಂತ ಹೇಳಿದೆ. ಅಪಸ್ವರದ ವಿಡಿಯೋ ಕಳಿಸಿದೆ. ಮರುದಿನ ವಿಡಿಯೋ ಕಾಲ್ ಮಾಡಿದರು, ಗಿಟಾರಿನ ಹೊಟ್ಟೆಯೊಳಗೆ ಟಾರ್ಚ್ ಹಾಕಿಸಿ ನೋಡಿದರು, ಅದಾದ ಮೇಲೆ ಅರ್ಧ ಗಂಟೆ ಚೌಕಾಸಿ. ಸ್ವಲ್ಪ ಇಳಿಸಿದೆ.

ಭೇಟಿಗೆ ಮನೆಗೆ ಕರೆಯಲಿಲ್ಲ. ಪರಿಚಯದವರು ನಡೆಸುವ ಒಂದು ಸಂಗೀತ ಶಾಲೆಯ ವರಾಂಡ, ಹಗಲು ಹೊತ್ತು, ಸುತ್ತ ಜನ. ಪಿಕಪ್ (ತಂತಿಯ ನಾದವನ್ನು ಆಂಪ್ಲಿಫೈಯರಿಗೆ ಕಳಿಸುವ ಸಾಧನ) ಇರುವ ಗಿಟಾರ್ ಆದ್ದರಿಂದ ಪ್ಲಗ್ ಪಾಯಿಂಟ್ ಇರುವ ಜಾಗವೇ ಬೇಕಿತ್ತು, ಸಣ್ಣ ಆಂಪ್ಲಿಫೈಯರ್ ಒಯ್ದಿದ್ದೆ. ಜೊತೆಗೆ ತಂಗಿಯೂ ಬಂದಿದ್ದಳು. ಬಂದವರು ಗಿಟಾರನ್ನು ಕೈಗೆ ತಗೊಂಡವರೇ ಮೊದಲು ನುಡಿಸಲಿಲ್ಲ. ಬಾಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿದರು, ಬಾಣ ನೆಟ್ಟಗಿದೆಯಾ ಅಂತ ನೋಡುವ ಹಾಗೆ. ಹಿಂಭಾಗವನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಐದನೇ ಫ್ರೆಟ್ ಒತ್ತಿ ಝುಂಯ್ ಅನ್ನಿಸಿ, ನನ್ನ ಮುಖ ನೋಡಿ ನಕ್ಕರು. 'ಹೇಳಿದ್ದೀರಲ್ಲ, ಬಿಡಿ.'

ದುಡ್ಡು ಕಳಿಸಿದೆ ಅಂತ ಮೊಬೈಲ್ ಸ್ಕ್ರೀನ್ ತೋರಿಸಿದರು. ಒಳ್ಳೆಯವರೇ, ಅನುಮಾನ ಇರಲಿಲ್ಲ. ಆದರೂ ನನ್ನ ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಏರುವ ತನಕ ಗಿಟಾರ್ ಕೇಸಿನ ಮೇಲಿಂದ ಕೈ ತೆಗೆಯಲಿಲ್ಲ. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ಮಾಡಬಹುದು, ಬ್ಯಾಂಕಿನ ಹೆಸರಲ್ಲಿ ಎಸ್ಸೆಮ್ಮೆಸ್ಸನ್ನೂ ಕಳಿಸಬಹುದು. ಎರಡು ನಿಮಿಷ ಇಬ್ಬರೂ ಸುಮ್ನೆ ಕೂತಿದ್ದೆವು, ಸ್ವಲ್ಪ ಮುಜುಗರವೇ. ದುಡ್ಡು ಬಂತು. ಎರಡು ಹಾಳೆಯಲ್ಲಿ ಗಿಟಾರಿನ ಮಾಡೆಲ್, ಪೂರ್ತಿ ಸೀರಿಯಲ್ ನಂಬರ್, ಮೊತ್ತ, ತಾರೀಕು, 'ಇದ್ದ ಸ್ಥಿತಿಯಲ್ಲಿ ಮಾರಿದೆ' ಅನ್ನುವ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಇಟ್ಟುಕೊಂಡೆವು.

ಪಿಟೀಲಿನ ಕಥೆ ಬೇರೆ. ಕೊಂಡವರು ಬಹಳ ದೂರದವರು, ಪಾರ್ಸೆಲ್ ಮಾಡಲೇಬೇಕಾಯಿತು. ಪಿಟೀಲಿನೊಳಗೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಒಂದು ಪುಟ್ಟ ಮರದ ಕಡ್ಡಿ ನಿಂತಿರುತ್ತದೆ, ಸೌಂಡ್‌ಪೋಸ್ಟ್ ಅಂತಾರೆ. ಅದಕ್ಕೆ ಅಂಟು ಇಲ್ಲ, ಬರೀ ಒತ್ತಡದಲ್ಲಿ ನಿಂತಿರುವುದು. ತಂತಿಗಳನ್ನೆಲ್ಲ ಪೂರ್ತಿ ಸಡಿಲ ಮಾಡಿದರೆ ಅದು ಬಿದ್ದೇ ಹೋಗಬಹುದು. ಅದಕ್ಕೇ ಶ್ರುತಿಯನ್ನು ಸ್ವಲ್ಪ ಮಾತ್ರ ಇಳಿಸಿದೆ. ದಾರಿಯಲ್ಲಿ, ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಬಿದ್ದರೂ ಹಲಗೆಗೆ ಪೆಟ್ಟಾಗದಿರಲಿ ಅಂತ, ತಂತಿಗಳ ಕೆಳತುದಿ ಹಿಡಿದಿರುವ ಟೇಲ್‌ಪೀಸ್ ಕೆಳಗೆ ಮಡಿಸಿದ ಬಟ್ಟೆ ತುರುಕಿದೆ. ಕಮಾನಿನ ಕೂದಲು ಸಡಿಲಿಸಿದೆ.

ಎರಡನೇ ಗಿಟಾರ್ ಕಳಿಸುವಾಗ ಲೆಕ್ಕ ಬೇರೆ. ಆರು ಉಕ್ಕಿನ ತಂತಿ ಸೇರಿ ನೆಕ್ ಮೇಲೆ ಸುಮಾರು 70 ಕಿಲೋ ಎಳೆತ ಇರುತ್ತದೆ. ಆ ಎಳೆತದಲ್ಲಿರುವಾಗ ಪೆಟ್ಟಿಗೆ ಬಿದ್ದರೆ ಮೊದಲು ಮುರಿಯುವುದು ತಲೆಭಾಗ ನೆಕ್‌ಗೆ ಸೇರುವ ಜಾಗ. ತಂತಿ ಚೆನ್ನಾಗಿ ಸಡಿಲಿಸಿ, ತಲೆಯ ಹಿಂದೆಯೂ ನೆಕ್ ಕೆಳಗೂ ಬಟ್ಟೆ ಕೊಟ್ಟು, ಕೇಸಿನೊಳಗೆ ಅಲ್ಲಾಡದ ಹಾಗೆ ಕೂರಿಸಿ, ಆ ಕೇಸನ್ನು ಇನ್ನೊಂದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ನಾಲ್ಕು ಬೆರಳಗಲ ಬಬಲ್ ರ‍್ಯಾಪ್ ತುಂಬಿದೆ. ಪೆಟ್ಟಿಗೆ ಅಲ್ಲಾಡಿಸಿದರೆ ಸದ್ದು ಬರಬಾರದು. ಪ್ಯಾಕ್ ಮಾಡುವುದನ್ನೆಲ್ಲ ಸೀರಿಯಲ್ ನಂಬರ್ ತೋರಿಸುವುದರಿಂದ ಹಿಡಿದು ಟೇಪ್ ಅಂಟಿಸುವವರೆಗೆ ನಿಲ್ಲಿಸದೆ ಒಂದೇ ವಿಡಿಯೋ ಮಾಡಿದೆ. ಕೆಲವರು ಒಳ್ಳೆಯ ವಾದ್ಯ ಇಟ್ಟುಕೊಂಡು ತಮ್ಮ ಹಾಳಾದದ್ದನ್ನು 'ರಿಟರ್ನ್' ಮಾಡುತ್ತಾರೆ. ಮರದ ನಾರಿನ ಗೆರೆಗಳು ಒಂದರ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ, ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಇಂಥ ಆಟ ನಡೆಯುವುದಿಲ್ಲ. ವಿಮೆಯನ್ನು ಪೂರ್ತಿ ಮೊತ್ತಕ್ಕೆ ಮಾಡಿಸಿದೆ.

ಹೊರದೇಶಕ್ಕೆ ಕಳಿಸುವವರು ಮರ ಯಾವುದು ಅಂತ ನೋಡಿಕೊಳ್ಳಿ. ಗಿಟಾರಿನ ಹಿಂಭಾಗಕ್ಕೆ ಬಳಸುವ ರೋಸ್‌ವುಡ್ ಜಾತಿಯ ಬಹುತೇಕ ಮರಗಳನ್ನು 2017ರಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿ ವಾದ್ಯಗಳಿಗೂ ಕಾಗದಪತ್ರ ಬೇಕು ಅಂತ ಮಾಡಿದ್ದರು. 2019ರ ಕೊನೆಗೆ, ಪೂರ್ತಿ ಸಿದ್ಧವಾದ ವಾದ್ಯಗಳಿಗೆ ಇದರಿಂದ ವಿನಾಯಿತಿ ಸಿಕ್ಕಿತು. ಆದರೆ ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಮೊದಲನೇ ಪಟ್ಟಿಯಲ್ಲಿದೆ, ಅದಕ್ಕೆ ಈ ವಿನಾಯಿತಿ ಇಲ್ಲ. ಹಳೇ ಗಿಟಾರಿನಲ್ಲಿ ದಂತ, ಆಮೆಚಿಪ್ಪು ಇದ್ದರಂತೂ ಕೇಳುವುದೇ ಬೇಡ.

ಮೊದಲ ಗಿಟಾರ್ ಮಾರಿ ಮೂರು ತಿಂಗಳಾಗಿತ್ತು. ಸುಮ್ನೆ ಬೇರೊಂದು ಸೈಟ್ ನೋಡುತ್ತಿದ್ದೆ, ನನ್ನ ಗಿಟಾರ್ ಕಂಡಿತು. ಅರ್ಧ ಬೆಲೆಗೆ, 'ಹೊಸದರ ಹಾಗಿದೆ, ಒಂದು ಗೀರೂ ಇಲ್ಲ' ಅಂತ ಬರೆದಿದ್ದರು. ನನ್ನ ಚೀಟಿಯನ್ನು ಕತ್ತರಿಸಿ ತೆಗೆದಿದ್ದರು, ಆದರೆ ಬಿರುಕು ಉಳಿದಿತ್ತು, ಪಕ್ಕದಲ್ಲಿ ನನ್ನ ಸ್ಕೇಲಿನ ತುದಿ ಕೂಡ. ಕೊಂಡವರಿಗೆ ಫೋನ್ ಮಾಡಿದೆ. 'ನನ್ನ ಗಿಟಾರ್ ಇಲ್ಲೇ ತೊಡೆ ಮೇಲಿದೆಯಲ್ಲ' ಅಂದರು, ಹಿಂದೆ ತಂತಿ ಸದ್ದು ಕೇಳಿತು. ಹಳೇ ಜಾಹೀರಾತು, ಪೂರ್ತಿ ಫೋಟೋ ಎರಡನ್ನೂ ಸೇರಿಸಿ ಆ ಸೈಟಿಗೆ ದೂರು ಕೊಟ್ಟೆ. ಎರಡು ದಿನಕ್ಕೆ ಜಾಹೀರಾತು ಕಾಣೆಯಾಯಿತು. ಅದನ್ನು ಹಾಕಿದವರಿಗೆ ದೂರು ಕೊಡುವ ಮೊದಲು ಒಂದು ಮೆಸೇಜ್ ಕಳಿಸಿದ್ದೆ, 'ಐದನೇ ಫ್ರೆಟ್ ರಿಪೇರಿ ಮಾಡಿಸಿದ್ರಾ?' ಅಂತ. ಇನ್ನೂ ಉತ್ತರ ಬಂದಿಲ್ಲ.