ಮಿತ್ರರ ಕೈ ವಾಸಿಯಾಗುವವರೆಗೆ: ಚಿತ್ರಪ್ರದರ್ಶನವೊಂದನ್ನು ನಡೆಸಿದ ನನ್ನ ಅನುಭವ

ಗಾಜು ಹಾಕಿದ ದೊಡ್ಡ ಚೌಕಟ್ಟೊಂದನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ನನ್ನ ಹಿರಿಯ ಮಿತ್ರರಾದ ಚಿತ್ರಕಲಾವಿದರೊಬ್ಬರು ಕಾಲು ಜಾರಿ ಬಿದ್ದರು. ಒಡೆದ ಗಾಜು ಬಲಗೈಯ ಮುಂಗೈಯನ್ನು ಒಳಭಾಗದಲ್ಲಿ ಆಳವಾಗಿ ಸೀಳಿತು. ಎರಡು ಸ್ನಾಯುರಜ್ಜುಗಳ ಜೊತೆಗೆ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿಗೆ ಸ್ಪರ್ಶವನ್ನು ಒದಗಿಸುವ ನರವೂ ತುಂಡಾಗಿತ್ತು. ಕುಂಚ ಹಿಡಿಯುವುದು ಆ ಮೂರು ಬೆರಳುಗಳಿಂದಲೇ. ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಬೆಳಿಗ್ಗೆ ನಾವು ನಾಲ್ವರು ಸ್ನೇಹಿತರು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಅವರಿಗಾಗಿ ಚಿತ್ರಗಳ ಪ್ರದರ್ಶನ ಮತ್ತು ಮಾರಾಟ ನಡೆಸಬೇಕೆಂದು ನಿರ್ಧರಿಸಿದೆವು. ನಾನೂ ಚಿತ್ರ ಬರೆದೇ ಜೀವನ ನಡೆಸುವವನಾದ್ದರಿಂದ ಚಿತ್ರಗಳನ್ನು ಹೊಂದಿಸುವ ಮತ್ತು ಲೆಕ್ಕ ಇಡುವ ಹೊಣೆ ನನ್ನ ಮೇಲೆ ಬಿತ್ತು. ಆ ಕೆಲಸವನ್ನು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಇಂಥದೇ ಸಂದರ್ಭ ಬಂದವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಎಷ್ಟು ಚಿತ್ರ ಬೇಕು, ಯಾವ ಸಭಾಂಗಣ ಸಿಗುತ್ತದೆ ಎಂದು ಯೋಚಿಸುವುದಕ್ಕೆ ಮೊದಲು ಅವರು ಎಷ್ಟು ಕಾಲ ಕೆಲಸವಿಲ್ಲದೆ ಇರಬೇಕಾಗುತ್ತದೆ ಎಂಬುದನ್ನು ವೈದ್ಯರಿಂದ ಕೇಳಿ ತಿಳಿದುಕೊಂಡದ್ದು ಒಳ್ಳೆಯದೇ ಆಯಿತು. ಹೊಲಿದ ಸ್ನಾಯುರಜ್ಜು ಕೂಡಿಕೊಳ್ಳಲು ಸುಮಾರು 6 ವಾರ ಪಟ್ಟಿಯಲ್ಲಿ ಕೈ ಇಟ್ಟುಕೊಳ್ಳಬೇಕು, ಭಾರ ಎತ್ತಲು 3 ತಿಂಗಳಾದರೂ ಕಾಯಬೇಕು ಎಂದರು. ಆದರೆ ನರದ ಲೆಕ್ಕವೇ ಬೇರೆ. ಜೋಡಿಸಿದ ನರ ಗಾಯದ ಜಾಗದಿಂದ ಮತ್ತೆ ಬೆಳೆಯುತ್ತಾ ಹೋಗುತ್ತದೆ, ಅದೂ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್‌ನಷ್ಟು. ಅವರ ಗಾಯದಿಂದ ಬೆರಳ ತುದಿಗೆ ಸುಮಾರು 25 ಸೆಂಟಿಮೀಟರ್ ಇತ್ತು. ಅಂದರೆ ಸ್ಪರ್ಶವು ತುದಿಯವರೆಗೆ ಮರಳಲು ಎಂಟೊಂಬತ್ತು ತಿಂಗಳು, ಅದು ಮರಳಿದ ಮೇಲೆ ಬೆರಳುಗಳನ್ನು ಮತ್ತೆ ಪಳಗಿಸಲು ಇನ್ನಷ್ಟು ಕಾಲ. ಆಸ್ಪತ್ರೆಯ ಬಿಲ್ಲನ್ನಷ್ಟೇ ಕಣ್ಣೆದುರು ಇಟ್ಟುಕೊಂಡು ಹೊರಟಿದ್ದ ನಾವು ಅಂದು ಸಂಜೆಯೇ ಗುರಿಯನ್ನು ಬದಲಿಸಿದೆವು: ಬಿಲ್ಲು, ಕೈಯ ವ್ಯಾಯಾಮ ಚಿಕಿತ್ಸೆ, ಅದರ ಜೊತೆಗೆ 15 ತಿಂಗಳ ಮನೆಖರ್ಚು.

ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒರಗಿಸಿಕೊಂಡು ಮಂಚದ ಮೇಲೆ ಕುಳಿತಿದ್ದ ಅವರ ಮುಂದೆ ನಮ್ಮ ಯೋಜನೆಯನ್ನು ಇಟ್ಟೆವು. ಅವರಿಗೆ ಸಂತೋಷವಾಗುತ್ತದೆಂದು ನಾವು ಎಣಿಸಿದ್ದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ನಮ್ಮಲ್ಲೊಬ್ಬರು ಆಗಲೇ ಭಿತ್ತಿಪತ್ರದ ಮಾದರಿಯನ್ನು ಸಿದ್ಧಪಡಿಸಿ ತಂದಿದ್ದರು. ಅದರ ನಡುವೆ ಇದ್ದದ್ದು ಆ ಪಟ್ಟಿ ಕಟ್ಟಿದ ಕೈಯ ಫೋಟೋ. ಅದನ್ನು ನೋಡಿ ಅವರು, "ಈ ಕೈಯನ್ನು ತೋರಿಸಿ ಚಿತ್ರ ಮಾರುವುದಾದರೆ ನನ್ನ ಹೆಸರು ಬಿಟ್ಟುಬಿಡು ಮಾರಾಯ," ಎಂದು ನನಗೆ ಹೇಳಿದರು. ನಾನು ನಾಚಿದೆ. ಅವರ ಒಪ್ಪಿಗೆ ಕೇಳದೆ ಫೋಟೋ ತೆಗೆದದ್ದೇ ಮೊದಲ ತಪ್ಪು. ಭಿತ್ತಿಪತ್ರವನ್ನು ಅಲ್ಲಿಯೇ ಕೈಬಿಟ್ಟೆವು. ಗಾಯದ ಬಗ್ಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಅವರೇ ತೀರ್ಮಾನಿಸುವುದೆಂದಾಯಿತು. ಅವರು ನಾಲ್ಕು ವಾಕ್ಯ ಹೇಳಿದರು, ನಾನು ಬರೆದುಕೊಂಡೆ. ಆಹ್ವಾನದಲ್ಲೂ ಸಭಾಂಗಣದ ಗೋಡೆಯಲ್ಲೂ ಆ ನಾಲ್ಕು ವಾಕ್ಯಗಳ ಹೊರತು ಗಾಯದ ಪ್ರಸ್ತಾಪ ಬರಲಿಲ್ಲ.

ಇನ್ನೊಂದು ಸಂಗತಿಯಲ್ಲೂ ಅವರು ನಮ್ಮನ್ನು ತಡೆದರು. ದೇಹ ಸಹಕರಿಸದಿದ್ದಾಗಲೂ ಚಿತ್ರ ಬರೆದವರನ್ನು ಕುರಿತು ಒಂದು ಫಲಕ ಇಡೋಣವೆಂದು ನಾನು ಟಿಪ್ಪಣಿ ಮಾಡಿಕೊಂಡಿದ್ದೆ. 1925ರ ಬಸ್ ಅಪಘಾತದ ಬಳಿಕ ಹಾಸಿಗೆಯಲ್ಲಿ ಮಲಗಿಯೇ ಚಿತ್ರ ಬರೆದ ಫ್ರೀಡಾ ಕಾಹ್ಲೋ, 1941ರ ಶಸ್ತ್ರಚಿಕಿತ್ಸೆಯ ನಂತರ ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಕೃತಿಗಳನ್ನು ರಚಿಸಿದ ಹೆನ್ರಿ ಮತೀಸ್, ದೃಷ್ಟಿ ಪೂರ್ತಿ ಹೋದ ಮೇಲೂ ಕಲೆಯನ್ನು ಬಿಡದ ಬಿನೋದ್ ಬಿಹಾರಿ ಮುಖರ್ಜಿ, ಈ ಮೂವರು ನನ್ನ ಪಟ್ಟಿಯಲ್ಲಿದ್ದರು. ಮಿತ್ರರು ಆ ಟಿಪ್ಪಣಿಯನ್ನು ಓದಿ, "ಮತೀಸ್ ಕತ್ತರಿ ಹಿಡಿದದ್ದು ಅವರಿಗೆ ಮನಸ್ಸು ಬಂದಾಗ. ನಾನು ಮುಂದೆ ಏನನ್ನು ಹಿಡಿಯಬೇಕೆಂದು ಗೋಡೆಯ ಮೇಲೆ ಬರೆದು ಹಾಕಬೇಡ," ಎಂದರು. ಎಡಗೈಯಲ್ಲಿ ಒಂದೆರಡು ರೇಖಾಚಿತ್ರ ಬರೆಸಿ ಮಾರಬಹುದೆಂಬ ಸಲಹೆಯೂ ಬಂದಿತ್ತು. ಅದನ್ನು ಅವರ ಮುಂದೆ ಎತ್ತಲು ನನಗೆ ಮನಸ್ಸಾಗಲಿಲ್ಲ.

ಬೆಲೆಯ ಪ್ರಶ್ನೆಯೇ ನಮ್ಮನ್ನು ಹೆಚ್ಚು ಕಾಡಿದ್ದು. ಸಹಾಯಾರ್ಥ ಪ್ರದರ್ಶನವೆಂದರೆ ಚಿತ್ರಗಳು ಅಗ್ಗಕ್ಕೆ ಸಿಗಬೇಕೆಂಬ ಭಾವನೆ ನೋಡಲು ಬರುವವರಲ್ಲಿ ಇರುತ್ತದೆ. ಕೊಡುವ ಕಲಾವಿದರಲ್ಲೂ, "ಹೇಗಿದ್ದರೂ ಒಳ್ಳೆಯ ಕೆಲಸಕ್ಕೆ, ಎಷ್ಟಕ್ಕೆ ಹೋದರೂ ಸರಿ," ಎಂಬ ಉದಾರತೆ ಇರುತ್ತದೆ. ನನಗೆ ಎರಡೂ ಅಪಾಯಕರವೆಂದು ತೋರಿತು. ಒಬ್ಬ ಕಲಾವಿದೆಯ ಚಿತ್ರ ಒಂದು ಕಡೆ ಅರ್ಧ ಬೆಲೆಗೆ ಹೋದರೆ, ಹಿಂದೆ ಪೂರ್ತಿ ಬೆಲೆ ಕೊಟ್ಟು ಕೊಂಡವರು ಮೋಸಹೋದೆವೆಂದುಕೊಳ್ಳುತ್ತಾರೆ, ಮುಂದೆ ಕೊಳ್ಳುವವರು ಆ ಅರ್ಧವನ್ನೇ ಅವರ ಬೆಲೆಯೆಂದು ತಿಳಿಯುತ್ತಾರೆ. ನೆರವು ನೀಡಲು ಬಂದವರು ಅದರ ನಷ್ಟವನ್ನು ವರ್ಷಗಟ್ಟಲೆ ಹೊರಬೇಕಾಗುತ್ತದೆ. ಮಿತ್ರರ ಚಿತ್ರಗಳ ವಿಷಯದಲ್ಲಂತೂ ಇದು ಇನ್ನೂ ಸತ್ಯ, ಏಕೆಂದರೆ ಕೈ ಸರಿಹೋದ ಮೇಲೆ ಅವರು ಬದುಕಬೇಕಾದದ್ದು ಅದೇ ಬೆಲೆಯ ಆಧಾರದ ಮೇಲೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಕಳೆದ ಪ್ರದರ್ಶನದಲ್ಲಿ ಇದ್ದ ಬೆಲೆಯನ್ನೇ ಇಡಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದು ನಿಯಮ ಮಾಡಿದೆವು. ಹರಾಜು ನಡೆಸಿದರೆ ಉತ್ಸಾಹ ಬರುತ್ತದೆಂದು ಕೆಲವರು ಒತ್ತಾಯಿಸಿದರು. ಹರಾಜಿನಲ್ಲಿ ಒಂದು ಚಿತ್ರಕ್ಕೆ ಯಾರೂ ಕೂಗದಿದ್ದರೆ ಆ ಮೌನವನ್ನು ಇಡೀ ಸಭೆ ಕೇಳುತ್ತದೆ, ಆ ಕಲಾವಿದ ಅಲ್ಲಿಯೇ ಕುಳಿತಿರುತ್ತಾನೆ. ಹರಾಜು ಬೇಡವೆಂದೆ.

ಕಲಾವಿದರು ಎಷ್ಟು ಬಿಟ್ಟುಕೊಡಬೇಕು ಎಂಬುದರಲ್ಲಿ ಎರಡು ದಾರಿಗಳನ್ನಿಟ್ಟೆವು: ಮಾರಿದ ಹಣವನ್ನು ಪೂರ್ತಿ ಕೊಡಬಹುದು, ಇಲ್ಲವೇ ಅರ್ಧ ತಾವು ಉಳಿಸಿಕೊಳ್ಳಬಹುದು. ಯಾರು ಯಾವುದನ್ನು ಆರಿಸಿದರೆಂಬುದು ನನ್ನ ಮತ್ತು ಲೆಕ್ಕ ಪರಿಶೀಲಿಸುವವರ ನಡುವೆ ಮಾತ್ರ ಉಳಿಯುತ್ತಿತ್ತು. ಅರ್ಧ ಎಂಬುದು ಮನಬಂದಂತೆ ಇಟ್ಟ ಪ್ರಮಾಣವಲ್ಲ. ಗ್ಯಾಲರಿಗಳು ಸಾಮಾನ್ಯವಾಗಿ ತೆಗೆದುಕೊಳ್ಳುವ ಪಾಲು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅರ್ಧ ಕೊಟ್ಟ ಕಲಾವಿದರಿಗೆ ನಷ್ಟವಾಗುವುದಿಲ್ಲ. ದಾನಕ್ಕಾಗಿ ಚಿತ್ರ ಕೇಳಿಕೊಂಡು ಬರುವವರು ಕಲಾವಿದರ ಬಳಿಗೇ ಪದೇಪದೇ ಬರುತ್ತಾರೆ. ಕ್ಯಾನ್ವಾಸು, ಬಣ್ಣ, ಚೌಕಟ್ಟು ಎಲ್ಲವೂ ಅವರ ಕೈಯಿಂದಲೇ ಹೋಗುತ್ತವೆ. ಅಮೆರಿಕದಲ್ಲಿ 1969ರ ತೆರಿಗೆ ಕಾನೂನಿನ ನಂತರ ಚಿತ್ರವನ್ನು ಕೊಂಡವನು ದಾನ ಮಾಡಿದರೆ ಅದರ ಮಾರುಕಟ್ಟೆ ಬೆಲೆಯ ಮೇಲೆ ವಿನಾಯಿತಿ ಪಡೆಯಬಲ್ಲ, ಬರೆದವನು ದಾನ ಮಾಡಿದರೆ ಸಾಮಗ್ರಿಯ ಖರ್ಚಿನಷ್ಟಕ್ಕೆ ಮಾತ್ರ. ಈ ಅಸಮತೆಯನ್ನು ನಾವು ನಮ್ಮ ಪುಟ್ಟ ಕೆಲಸದಲ್ಲಾದರೂ ಮುಂದುವರಿಸಬಾರದೆಂದು ನನಗಿತ್ತು. ಅರ್ಧ ಉಳಿಸಿಕೊಳ್ಳಬಹುದೆಂದು ತಿಳಿದ ಮೇಲೆ ಹಲವರು ಹಳೆಯ, ಉಳಿದುಹೋದ ಚಿತ್ರವನ್ನು ಬಿಟ್ಟು ತಮ್ಮ ಇತ್ತೀಚಿನ ಒಳ್ಳೆಯ ಚಿತ್ರವನ್ನೇ ಕಳಿಸಿದರು. ಪ್ರದರ್ಶನದ ಮಟ್ಟ ಏರಿದ್ದು ಇದರಿಂದ.

ಮಿತ್ರರ ಮನೆಯಲ್ಲಿ ಅವರದೇ 25 ಚಿತ್ರಗಳಿದ್ದವು. ಎಲ್ಲವನ್ನೂ ಇಟ್ಟುಬಿಡಿ ಎಂದರು ಅವರ ಪತ್ನಿ. ನಾನು 7ನ್ನು ಹಿಂದಿಟ್ಟೆ. ಮುಂದಿನ ಒಂದು ವರ್ಷ ಹೊಸ ಚಿತ್ರ ಬರುವುದಿಲ್ಲವೆಂದು ಗೊತ್ತಿದ್ದಾಗ ಇದ್ದದ್ದನ್ನೆಲ್ಲ ಒಂದೇ ಸಲ ಖಾಲಿ ಮಾಡುವುದು ಸರಿಯಲ್ಲ; ನಡುವೆ ಯಾರಾದರೂ ಗ್ಯಾಲರಿಯವರು ಕೇಳಿದರೆ ತೋರಿಸಲು ಏನಾದರೂ ಇರಬೇಕು. ಹೊರಗಿಟ್ಟ 18ರಲ್ಲಿ ಮೂರಕ್ಕೆ ಸಹಿ ಇರಲಿಲ್ಲ. ಅವು ಅಪಘಾತಕ್ಕೆ ಕೆಲವು ತಿಂಗಳ ಹಿಂದೆ ಮುಗಿಸಿದ ತೈಲವರ್ಣಗಳು. ತೈಲವರ್ಣ ಒಳಗಿನವರೆಗೆ ಒಣಗಲು ಆರರಿಂದ ಹನ್ನೆರಡು ತಿಂಗಳು ಕಾದು ಆಮೇಲೆ ಕೊನೆಯ ವಾರ್ನಿಷ್ ಬಳಿಯುವುದು ರೂಢಿ, ಮತ್ತು ವಾರ್ನಿಷ್‌ಗೆ ತುಸು ಮೊದಲು ಸಹಿ ಹಾಕುವುದು ಅವರ ಅಭ್ಯಾಸ. ಎಡಗೈಯಲ್ಲಿ ಹಾಕಿ ಎಂದರೆ ಅವರು ಒಪ್ಪಲಿಲ್ಲ. ಮೂರೂ ಚಿತ್ರಗಳು ಅವರವೇ ಎಂಬ ಪ್ರಮಾಣಪತ್ರಕ್ಕೆ ನಾನೂ ಅವರ ಪತ್ನಿಯೂ ಸಾಕ್ಷಿ ಹಾಕಿ, ಕೈ ಬಂದ ಮೇಲೆ ಚಿತ್ರದ ಮೇಲೆ ಸಹಿ ಹಾಕಿಕೊಡುವುದಾಗಿಯೂ ಅಲ್ಲಿಯವರೆಗೆ ವಾರ್ನಿಷ್ ಮಾಡಿಸಬಾರದೆಂದೂ ಅದರಲ್ಲಿ ಬರೆದೆವು. ವಾರ್ನಿಷ್‌ನ ಮೇಲೆ ಹಾಕಿದ ಸಹಿ ಮುಂದೊಮ್ಮೆ ಆ ಪದರವನ್ನು ತೆಗೆದು ಶುಚಿಗೊಳಿಸುವಾಗ ಅದರೊಡನೆಯೇ ಅಳಿಸಿಹೋಗುತ್ತದೆ.

ಬಂದ ಪ್ರತಿ ಚಿತ್ರಕ್ಕೂ ಒಂದು ಹಾಳೆ ತೆರೆದೆ: ಅಳತೆ, ಮಾಧ್ಯಮ, ವರ್ಷ, ಬೆಲೆ, ಒಪ್ಪಿದ ಪಾಲು, ಬಂದಾಗಿನ ಸ್ಥಿತಿ, ಮಾರಾಟವಾಗದಿದ್ದರೆ ಹಿಂದಿರುಗಿಸುವ ದಿನ. ಸ್ಥಿತಿಯನ್ನು ಹಗಲು ಬೆಳಕಿನಲ್ಲಿ ನೋಡಿ ಫೋಟೋ ತೆಗೆದು ಬರೆಯಬೇಕು. ಸಂಜೆ ಅವಸರದಲ್ಲಿ ತೆಗೆದುಕೊಂಡ ಒಂದು ಅಚ್ಚುಚಿತ್ರದ ಮೂಲೆಯ ಮಡಿಕೆ ಮೊದಲೇ ಇತ್ತೋ ನಮ್ಮಲ್ಲಿ ಆಯಿತೋ ಎಂದು ಹೇಳಲಾಗದೆ ನಾವೇ ಅದರ ಬೆಲೆ ಕೊಟ್ಟೆವು. ದೊಡ್ಡ ಅಳತೆಯ ಜಲವರ್ಣಗಳಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿದೆವು. ಖರ್ಚು ಹೆಚ್ಚಾಯಿತು, ಆದರೆ ಈ ಪ್ರದರ್ಶನದಲ್ಲಿ ಯಾರೂ ಗಾಜನ್ನು ಹೊತ್ತು ಮೆಟ್ಟಿಲಿಳಿಯುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ತೂಗುಹಾಕುವ ಕೆಲಸ ಒಂದು ದಿನದಲ್ಲಿ ಮುಗಿಯಿತು. ಚಿತ್ರದ ನಡುಭಾಗ ನೆಲದಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ದಾರ ಕಟ್ಟಿ ಗುರುತು ಹಾಕಿಕೊಂಡೆವು. ಕಾಗದದ ಮೇಲಿನ ಚಿತ್ರಗಳ ಬೆಳಕನ್ನು 50 ಲಕ್ಸ್‌ಗೆ ತಗ್ಗಿಸಿದೆವು, ತೈಲವರ್ಣಗಳಿಗೆ 200ರವರೆಗೆ ಬಿಟ್ಟೆವು. ಮಿತ್ರರ ಚಿತ್ರಗಳನ್ನು ಪ್ರತ್ಯೇಕ ಕೋಣೆಯಲ್ಲಿ ಇಡದೆ ಉಳಿದವರ ಚಿತ್ರಗಳ ನಡುವೆಯೇ ಇಟ್ಟೆವು.

ಮಾರಾಟದ ದಿನಗಳಲ್ಲಿ ಎರಡು ಬಗೆಯ ಜನರು ಬಂದರು. ಕೆಲವರು ಚಿತ್ರ ಮೆಚ್ಚಿ ಕೊಂಡರು. ಇನ್ನು ಕೆಲವರಿಗೆ ಚಿತ್ರ ಬೇಕಿರಲಿಲ್ಲ, ಸಹಾಯ ಮಾಡುವ ಮನಸ್ಸಿತ್ತು. ಅವರಿಂದ ಒಲ್ಲದ ಚಿತ್ರವನ್ನು ಕೊಳ್ಳಿಸುವುದಕ್ಕಿಂತ ನೇರವಾಗಿ ಹಣ ಪಡೆಯುವುದು ಒಳ್ಳೆಯದೆಂದು ಬಾಗಿಲ ಬಳಿ ಬೇರೆ ಮೇಜು, ಬೇರೆ ರಸೀದಿ ಪುಸ್ತಕ ಇಟ್ಟಿದ್ದೆವು. ಚಿತ್ರಕ್ಕೆ ಕೊಟ್ಟ ಹಣದ ರಸೀದಿಯಲ್ಲಿ ಅದು ಖರೀದಿಯೆಂದು, ಇದರಲ್ಲಿ ನೆರವು ಎಂದು ಸ್ಪಷ್ಟವಾಗಿ ಬರೆದೆವು. ತೆರಿಗೆ ವಿನಾಯಿತಿ ಇಲ್ಲವೆಂಬುದನ್ನು ಕೇಳುವ ಮೊದಲೇ ತಿಳಿಸಿದೆವು. ಚಿತ್ರದ ಎರಡು ಪಟ್ಟು ಬೆಲೆ ಕೊಡಲು ಬಂದ ಒಬ್ಬರಿಗೆ, ಬೆಲೆಯಷ್ಟನ್ನು ಒಂದು ಮೇಜಿಗೆ, ಉಳಿದದ್ದನ್ನು ಇನ್ನೊಂದಕ್ಕೆ ಕೊಡಲು ಕೇಳಿಕೊಂಡೆ. ಚೌಕಾಸಿ ಮಾಡಿದವರಿಗೂ ಅದೇ ಬೆಲೆಪಟ್ಟಿಯನ್ನು ತೋರಿಸಿದೆ. ಮೊದಲ ದಿನ ಬಾಯಿಮಾತಿನ ಮೇಲೆ, ಮಾರಾಟವಾಯಿತೆಂದು ಸೂಚಿಸುವ ಕೆಂಪು ಚುಕ್ಕೆ ಅಂಟಿಸಿದ ಎರಡು ಚಿತ್ರಗಳನ್ನು ಕೊಳ್ಳಲು ಹೇಳಿದವರು ಮತ್ತೆ ಬರಲೇ ಇಲ್ಲ, ಅಷ್ಟರಲ್ಲಿ ಬೇರೆಯವರು ಆ ಚುಕ್ಕೆ ನೋಡಿ ಮುಂದೆ ಹೋಗಿದ್ದರು. ಎರಡನೆಯ ದಿನದಿಂದ ಹಣ ಪೂರ್ತಿ ಕೈಸೇರಿದ ಮೇಲೆಯೇ ಚುಕ್ಕೆ.

ಹಣವನ್ನು ನಮ್ಮಲ್ಲಿ ಯಾರ ಸ್ವಂತ ಖಾತೆಯಲ್ಲೂ ಇಡಲಿಲ್ಲ. ಇಬ್ಬರ ಸಹಿ ಬೇಕಾಗುವ ಹೊಸ ಖಾತೆ ತೆರೆದು, ಅದರಿಂದ ಮೊದಲು ಆಸ್ಪತ್ರೆಯ ಬಾಕಿ, ನಂತರ ಕಲಾವಿದರ ಪಾಲು ಕೊಟ್ಟು, ಉಳಿದದ್ದನ್ನು ಪ್ರತಿ ತಿಂಗಳ ಮೊದಲ ವಾರ ಮಿತ್ರರ ಮನೆಗೆ ತಲುಪುವಂತೆ ಮಾಡಿದೆವು. ಹೀಗೆ ತಿಂಗಳು ತಿಂಗಳು ಕೊಡಬೇಕೆಂದು ಕೇಳಿದವರು ಅವರೇ. ಒಂದೇ ಸಲ ಬಂದ ಹಣ ಹಳೆಯ ಸಾಲಗಳಿಗೆ ಹೋಗಿಬಿಡುತ್ತದೆ, ಆಮೇಲೆ ಕೈ ಪೂರ್ತಿ ವಾಸಿಯಾಗುವ ಮೊದಲೇ ಕೆಲಸ ಹಿಡಿಯುವ ಒತ್ತಡ ಬರುತ್ತದೆ ಎಂಬುದು ಅವರ ಆತಂಕವಾಗಿತ್ತು. ಬಂದ ಮತ್ತು ಹೋದ ಹಣದ ಪೂರ್ತಿ ಲೆಕ್ಕವನ್ನು ಭಾಗವಹಿಸಿದ ಎಲ್ಲ ಕಲಾವಿದರಿಗೂ ಮೂರು ತಿಂಗಳಿಗೊಮ್ಮೆ ಕಳಿಸಿದೆ. ಕೊಂಡವರ ಹೆಸರನ್ನಾಗಲಿ, ಮಿತ್ರರ ಚಿಕಿತ್ಸೆಯ ವಿವರವನ್ನಾಗಲಿ ಅದರಲ್ಲಿ ಹಾಕಲಿಲ್ಲ.

ಮಾರಾಟವಾಗದೆ ಉಳಿದ ಚಿತ್ರಗಳನ್ನು ಹೇಳಿದ ದಿನಕ್ಕೆ ಹಿಂದಿರುಗಿಸಲು ನಮಗೆ ಆಗಲಿಲ್ಲ, ಹನ್ನೆರಡು ದಿನ ತಡವಾಯಿತು. ಪ್ರದರ್ಶನ ಮುಗಿಯುತ್ತಲೇ ಎಲ್ಲರೂ ದಣಿದು ತಮ್ಮ ತಮ್ಮ ಕೆಲಸಕ್ಕೆ ಹೋಗಿಬಿಟ್ಟಿದ್ದೆವು. ಹಿಂದಿರುಗಿಸುವ ಕೆಲಸಕ್ಕೆ ಬೇರೆ ಇಬ್ಬರನ್ನು ಮೊದಲೇ ಗೊತ್ತುಮಾಡಬೇಕಿತ್ತು.

ಸಹಿಯಿಲ್ಲದ ಆ ಮೂರು ಚಿತ್ರಗಳೂ ಮಾರಾಟವಾಗಿದ್ದವು. ಹನ್ನೊಂದನೆಯ ತಿಂಗಳಲ್ಲಿ ಮಿತ್ರರು ಫೋನ್ ಮಾಡಿ, "ಆ ಮನೆಗಳ ವಿಳಾಸ ತೆಗೆದಿಡು," ಎಂದರು. ಒಂದೊಂದು ವಾರಕ್ಕೆ ಒಂದು ಮನೆಯಂತೆ ಹೋದೆವು. ತೆಳ್ಳನೆಯ ಕುಂಚ, ಎಣ್ಣೆ ಬೆರೆಸಿ ತಿಳಿಮಾಡಿದ ಕಂದು ಬಣ್ಣದ ಒಂದು ಡಬ್ಬಿ, ಮುಂಗೈಗೆ ಆಧಾರವಾಗಿ ಒಂದು ಕೋಲು, ಇಷ್ಟನ್ನು ಅವರು ಜೊತೆಗೆ ತರುತ್ತಿದ್ದರು. ಮೊದಲ ಮನೆಯಲ್ಲಿ ಸಹಿ ಮುಗಿಸಲು ಬಹಳ ಹೊತ್ತು ಹಿಡಿಯಿತು, ನಡುವೆ ಒಮ್ಮೆ ಒರೆಸಿ ಮತ್ತೆ ಬರೆದರು. ಅಕ್ಷರಗಳು ಹಿಂದಿನವಕ್ಕಿಂತ ದೊಡ್ಡದಾಗಿದ್ದವು. ಮೂರನೆಯ ಮನೆಯವರು ಚಿತ್ರವನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬಳಿ ಮೇಜಿನ ಮೇಲೆ ಮಲಗಿಸಿಟ್ಟಿದ್ದರು. ಅಲ್ಲಿ ಕೋಲು ಬೇಕಾಗಲಿಲ್ಲ.