ಹಳೇ ರೈಫಲ್ಲಿನ ಮರ ಉಜ್ಜಿದ್ದಾರಾ? ಉಗುರಲ್ಲೇ ಗೊತ್ತಾಗುತ್ತೆ
ಹಳೇ ಬೇಟೆ ರೈಫಲ್ ನೋಡುವಾಗ, ಮೊದಲು ಗುಂಡು ಖಾಲಿ ಇರೋದು ಖಚಿತ ಮಾಡಿಕೊಂಡು, ಬಟ್ಟಿನ (ಭುಜಕ್ಕೆ ಒತ್ತಿಕೊಳ್ಳೋ ಹಿಂಭಾಗ) ಮರದಿಂದ ಹಿಂಬದಿಯ ಲೋಹದ ಪ್ಲೇಟಿನ ಕಡೆಗೆ ಉಗುರು ಎಳೆಯಿರಿ. ಕಾರ್ಖಾನೆಯ ಮರ ಸಾಮಾನ್ಯವಾಗಿ ಲೋಹಕ್ಕೆ ಸಮ, ಇಲ್ಲಾ ಕೂದಲೆಳೆಯಷ್ಟು ಎತ್ತರ. ಉಗುರು ಪ್ಲೇಟಿನ ಅಂಚಿಗೆ ತಡೆದರೆ ಮರ ಉಜ್ಜಿ ಮತ್ತೆ ಪಾಲಿಶ್ ಹೊಡೆದಿರೋ ಸಾಧ್ಯತೆ ಹೆಚ್ಚು. ಹಾಗೆ ಉಜ್ಜಿದ್ದರೆ ಸಂಗ್ರಾಹಕರು ಕೊಡೋ ಬೆಲೆ ಅಲ್ಲೇ ಬಿತ್ತು. ಮೂಲ ಪ್ಲೇಟ್ ತೆಗೆದು ರಬ್ಬರ್ ಪ್ಯಾಡ್ ಹಾಕಿದ್ದರೆ ಟ್ರಿಗರ್‌ನಿಂದ ಮರದ ತುದಿಗೆ ಟೇಪ್ ಹಿಡಿಯಿರಿ: ವಯಸ್ಕರ ರೈಫಲ್ಲಿಗೆ ಸುಮಾರು 13.5 ಇಂಚು ವಾಡಿಕೆ, ಮರವೇ 12.5 ಬಂದರೆ ಕತ್ತರಿಸಿರೋ ಸಾಧ್ಯತೆ ಹೆಚ್ಚು. ಪಾವಗಡದಂಥ ಒಣ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ ಮರ ತಾನಾಗೇ ಕುಗ್ಗಿರಬಹುದು, ಅಲ್ಲಿ ಉಗುರಿನ ಪರೀಕ್ಷೆ ನಂಬಬೇಡಿ. ಹಿಡಿಯ ಚೌಕಳಿ ಕೆತ್ತನೆ ನೋಡಿ, ಗೆರೆಗಳ ಸಂದಿಯಲ್ಲಿ ವಾರ್ನಿಶ್ ತುಂಬಿದ್ದರೆ ಕೈಯಾಡಿಸಿದ್ದಾರೆ. ಗೀರು, ಕಲೆ ದೋಷವಲ್ಲ. ದಯವಿಟ್ಟು ಹೊಳಪಿಗೋಸ್ಕರ ಬಡಗಿ ಕೈಗೆ ಕೊಡಬೇಡಿ.